ಡಬ್ಬಿ ತೆರೆಯೋದು ಕೊನೆಗೆ

ಗ್ಯಾರೇಜ್ ನೆಲಕ್ಕೆ ಎಪಾಕ್ಸಿ ಬಳಿಯುವ ವಿಡಿಯೋಗಳನ್ನ ನಾವೆಲ್ಲ ನೋಡಿದ್ದೇವೆ. ಅಮೆರಿಕದ ಯಾವುದೋ ಊರಿನ ಮನೆ, ಎರಡು ಕಾರು ನಿಲ್ಲುವಷ್ಟು ಗ್ಯಾರೇಜು, ಎಣ್ಣೆ ಕಲೆ ಬಿದ್ದ ಬೂದು ನೆಲ. ಶನಿವಾರ ಬೆಳಿಗ್ಗೆ ಮನೆಯ ಯಜಮಾನ ಅಂಗಡಿಯಿಂದ ತಂದ ಕಿಟ್ ಬಿಚ್ಚುತ್ತಾನೆ, ಭಾನುವಾರ ಸಂಜೆ ಹೊತ್ತಿಗೆ ನೆಲ ಕನ್ನಡಿಯಂತಾಗಿರುತ್ತೆ. ವಿಡಿಯೋದ ಬಹುಪಾಲು ರೋಲರ್ ಓಡಾಡೋದೇ ಕಾಣುತ್ತೆ. ಅದಕ್ಕೂ ಮೊದಲು ನೆಲಕ್ಕೆ ಏನು ಮಾಡಿದರು ಅನ್ನೋದು ಹಾಡಿನ ಜೊತೆ ಹತ್ತು ಸೆಕೆಂಡಲ್ಲಿ ಓಡಿಹೋಗುತ್ತೆ.

ಬಾಹಾ, ಫಾರ್ಮುಲಾ, ಇವಿ ಅಂತ ವಾಹನ ಕಟ್ಟುವ ತಂಡಗಳಿರೋ ಕಾಲೇಜುಗಳಲ್ಲೆಲ್ಲ ಒಂದು ಶೆಡ್ ಇರುತ್ತೆ. ನಮ್ಮಲ್ಲೂ ಇದೆ. ಅದರ ನೆಲ ಹೇಗಿದೆ ಅಂತ ಒಳಗೆ ಒಂದು ರಾತ್ರಿ ಕಳೆದವರಿಗೆಲ್ಲ ಗೊತ್ತು. ಎಷ್ಟು ಗುಡಿಸಿದರೂ ಮತ್ತೆ ಏಳುವ ಬಿಳಿ ಪುಡಿ. ಬೇರಿಂಗ್‌ಗೆ ಗ್ರೀಸ್ ಹಚ್ಚಿ ಬಟ್ಟೆಯ ಮೇಲಿಟ್ಟರೆ ಐದು ನಿಮಿಷದಲ್ಲಿ ಅದರ ಮೇಲೆ ಧೂಳು. ಕೆಳಗೆ ಬಿದ್ದ ಚಿಕ್ಕ ನಟ್ಟು ಹುಡುಕಲು ಮೂರು ಜನ ಮೊಣಕಾಲೂರಬೇಕು. ಹಾಗಾಗಿ ನೆಲಕ್ಕೆ ಎಪಾಕ್ಸಿ ಹಾಕೋಣ ಅನ್ನುವ ಮಾತು ಎದ್ದಿರೋದು ಸರಿಯಾಗೇ ಇದೆ. ಜಗಳ ಇರೋದು ಹೇಗೆ ಅನ್ನೋದರಲ್ಲಿ. ಒಂದು ಗುಂಪು, “ಶನಿವಾರ, ಭಾನುವಾರ ಕೂತು ನಾವೇ ಬಳಿದುಬಿಡೋಣ” ಅನ್ನುತ್ತೆ. ಇನ್ನೊಂದು ಗುಂಪು, “ಕಾಂಟ್ರಾಕ್ಟರ್‌ಗೆ ಕೊಡಿ, ಅದು ನಮ್ಮ ಕೆಲಸ ಅಲ್ಲ” ಅನ್ನುತ್ತೆ.

ನಮ್ಮ ನಿಲುವು ಇಷ್ಟು. ಈ ಕೆಲಸ ನಾವೇ ಮಾಡಬೇಕು, ಆದರೆ ಎರಡು ದಿನದಲ್ಲಿ ಅಲ್ಲ. ಡಬ್ಬಿ ತೆರೆಯುವ ಮೊದಲಿನ ಕೆಲಸಕ್ಕೆ ಬೇಕಾದ ದಿನ, ದುಡ್ಡು, ಮಾಸ್ಕು ಈ ಮೂರನ್ನೂ ಕೊಡೋಕೆ ಆಗದಿದ್ದರೆ ನೆಲ ಈಗಿರುವಂತೆ ಬೂದುಬಣ್ಣದಲ್ಲೇ ಇರಲಿ. ಅರ್ಧಂಬರ್ಧ ಬಳಿದ ನೆಲಕ್ಕಿಂತ ಬಳಿಯದ ನೆಲ ವಾಸಿ.

ಯಾಕೆ ಅಂತ ಹೇಳುವ ಮೊದಲು ನಮ್ಮ ಅಜ್ಜಿ ಮನೆಗಳ ನೆಲ ನೆನಪು ಮಾಡಿಕೊಳ್ಳೋಣ. ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ದಶಕಗಟ್ಟಲೆ ಓಡಾಡಿದರೂ ಸಿಪ್ಪೆ ಏಳಲ್ಲ. ಸವೆಯಬಹುದು, ಬಿರುಕು ಬಿಡಬಹುದು, ಆದರೆ ಹಾಳೆಯಂತೆ ಕಿತ್ತು ಬರಲ್ಲ. ಯಾಕಂದ್ರೆ ಅಲ್ಲಿ ಬಣ್ಣ ನೆಲದ ಮೇಲೆ ಇಲ್ಲ, ನೆಲದ ಒಳಗೇ ಇದೆ. ಐರನ್ ಆಕ್ಸೈಡ್ ಪುಡಿಯನ್ನ ಸಿಮೆಂಟ್ ಜೊತೆ ಕಲಸಿ, ಕೆಳಗಿನ ಗಾರೆ ಇನ್ನೂ ಹಸಿಯಿರುವಾಗಲೇ ಮೇಲೆ ಹರಡಿ, ಕರಣೆಯಿಂದ ಗಂಟೆಗಟ್ಟಲೆ ತಿಕ್ಕಿ, ದಿನಗಟ್ಟಲೆ ನೀರು ಕಟ್ಟಿ ಮಾಡಿದ ನೆಲ ಅದು. ಎರಡು ಪದರ ಒಟ್ಟಿಗೆ ಗಟ್ಟಿಯಾಗಿ ಒಂದೇ ಆಗಿರುತ್ತವೆ.

ಎಪಾಕ್ಸಿ ಹಾಗಲ್ಲ. ಅದು ಯಾವತ್ತೋ ಗಟ್ಟಿಯಾದ ಕಾಂಕ್ರೀಟಿನ ಮೇಲೆ ಆಮೇಲೆ ಬಂದು ಕೂರುವ ಪ್ಲಾಸ್ಟಿಕ್ ಪದರ. ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಅದು ಉಳಿಯೋದು ಬಿಡೋದು ಕಾಂಕ್ರೀಟನ್ನ ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದೆ ಅನ್ನೋದರ ಮೇಲೆ ನಿಂತಿದೆ. ಧೂಳು ಕೂತ ಹೆಲ್ಮೆಟ್ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಏನಾಗುತ್ತೆ? ಸ್ಟಿಕ್ಕರ್ ಧೂಳಿಗೆ ಅಂಟುತ್ತೆ, ಹೆಲ್ಮೆಟ್‌ಗೆ ಅಲ್ಲ. ನಮ್ಮ ಶೆಡ್ಡಿನ ನೆಲದಲ್ಲಿ ಏಳುವ ಆ ಬಿಳಿ ಪುಡಿಯ ಕಥೆಯೂ ಅದೇ. ಕಾಂಕ್ರೀಟ್ ಹಾಕಿದ ದಿನ ನೀರು ಜಾಸ್ತಿಯಾಗಿ ಮೇಲೆ ತೇಲಿಬಂದ ಸಿಮೆಂಟ್ ಹಾಲು ಒಣಗಿ ಕೂತಿರೋ ದುರ್ಬಲ ತೊಗಟೆ ಅದು. ಅದನ್ನ ತೆಗೆಯದೆ ಬಳಿದರೆ ನಾವು ಬಳಿದದ್ದು ನೆಲಕ್ಕಲ್ಲ, ತೊಗಟೆಗೆ. ತೊಗಟೆ ಎದ್ದ ದಿನ ಎಪಾಕ್ಸಿಯೂ ಏಳುತ್ತೆ.

ಕಾರಿನ ಗ್ಯಾರೇಜಿನಲ್ಲಿ ಇದು ಮೊದಲು ಕಾಣೋದು ಟೈರ್ ನಿಲ್ಲುವ ಜಾಗದಲ್ಲೇ. ಓಡಿ ಬಂದ ಬಿಸಿ ಟೈರು ನೆಲದ ಮೇಲೆ ನಿಂತು ಆರುತ್ತಾ ಪದರಕ್ಕೆ ಅಂಟಿಕೊಳ್ಳುತ್ತೆ, ರಬ್ಬರಿನೊಳಗಿನ ಎಣ್ಣೆಯಂಥ ಪದಾರ್ಥಗಳು ಪದರವನ್ನ ಮೆದು ಮಾಡುತ್ತವೆ. ಮಾರನೇ ದಿನ ಗಾಡಿ ತೆಗೆದರೆ ಟೈರಿನ ಜೊತೆ ಅಂಗೈ ಅಗಲದ ಬಣ್ಣವೂ ಎದ್ದುಬರುತ್ತೆ. ತೆಳುವಾಗಿ ಬಳಿದ, ಸರಿಯಾಗಿ ಉಜ್ಜದ ನೆಲಗಳ ಗತಿ ಇದು. ಆಗ ಹೊಸ ಡಬ್ಬಿ ತಂದು ಮೇಲೆ ತೇಪೆ ಹಾಕೋಕೆ ಆಗಲ್ಲ. ಸಡಿಲಾದ ಹಳೇ ಪದರವನ್ನೆಲ್ಲ ಕೆರೆದು ತೆಗೆಯಬೇಕು. ಬರಿ ನೆಲವನ್ನ ಉಜ್ಜುವುದಕ್ಕಿಂತ ಅದು ಎಷ್ಟೋ ಪಾಲು ಹೆಚ್ಚಿನ ಕೆಲಸ. ಬಳಿಯದ ನೆಲ ವಾಸಿ ಅಂದದ್ದು ಇದಕ್ಕೇ.

ಹಾಗಾದರೆ ಡಬ್ಬಿಗೆ ಮೊದಲು ಏನೇನು? ಮೊದಲನೆಯದು ನೀರು. ಕಾಂಕ್ರೀಟ್ ನೋಡೋಕೆ ಕಲ್ಲಿನಂತಿದ್ದರೂ ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ನೆಲದಡಿಯಲ್ಲಿ ಪಾಲಿಥೀನ್ ಹಾಳೆ ಹಾಸದೆ ಕಾಂಕ್ರೀಟ್ ಸುರಿದಿದ್ದರೆ ಮಣ್ಣಿನ ತೇವ ಮೇಲಕ್ಕೆ ಬರುತ್ತಲೇ ಇರುತ್ತೆ. ಬರಿ ನೆಲದಲ್ಲಿ ಅದು ಆವಿಯಾಗಿ ಹೋಗುತ್ತೆ, ನಮಗೆ ಗೊತ್ತೂ ಆಗಲ್ಲ. ಮೇಲೆ ಎಪಾಕ್ಸಿ ಮುಚ್ಚಿದರೆ ದಾರಿ ಬಂದ್. ತೇವ ಪದರದ ಅಡಿಯಲ್ಲಿ ನಿಂತು, ಕಾಂಕ್ರೀಟಿನ ಕ್ಷಾರದ ಜೊತೆ ಸೇರಿ, ಪದರವನ್ನ ಗುಳ್ಳೆ ಎಬ್ಬಿಸಿ ಬಿಡಿಸುತ್ತೆ. ಇದನ್ನ ನೋಡೋಕೆ ದುಬಾರಿ ಉಪಕರಣ ಬೇಡ. ಎಎಸ್‌ಟಿಎಂ ಡಿ 4263 ಅನ್ನುವ ಪರೀಕ್ಷೆ ಇದೆ. 18 ಇಂಚು ಉದ್ದ, 18 ಇಂಚು ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು, ಆಮೇಲೆ ತೆಗೆದು ನೋಡೋದು. ಹಾಳೆಯ ಒಳಗೆ ಹನಿ ಕಂಡರೆ ಅಥವಾ ಅಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ ಬಳಿಯುವ ಮಾತು ಅಲ್ಲಿಗೆ ನಿಲ್ಲಬೇಕು. ಹನಿ ಕಾಣದಿದ್ದರೆ ಎಲ್ಲವೂ ಸರಿ ಅಂತ ಖಾತ್ರಿಯಲ್ಲ, ಆದರೆ ಕಂಡರೆ ಸರಿಯಿಲ್ಲ ಅನ್ನೋದು ಖಾತ್ರಿ.

ಎರಡನೆಯದು ಎಣ್ಣೆ. ನೆಲದ ಮೇಲೆ ಅಲ್ಲಲ್ಲಿ ನಾಲ್ಕು ಹನಿ ನೀರು ಬಿಡಿ. ನೀರು ಇಂಗಿದರೆ ಸರಿ. ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಟಾಗಿ ನಿಂತರೆ ಅಲ್ಲಿ ಎಣ್ಣೆಯೋ ಹಳೇ ಸೀಲರೋ ಇದೆ ಅಂತ ಅರ್ಥ. ಡಿಗ್ರೀಸರ್ ಹಾಕಿ ಗಟ್ಟಿ ಬ್ರಶ್ಶಿನಿಂದ ಉಜ್ಜಿ, ನೀರು ಇಂಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಇದನ್ನ ಗ್ರೈಂಡಿಂಗ್‌ಗೆ ಮೊದಲೇ ಮಾಡಬೇಕು. ಇಲ್ಲದಿದ್ದರೆ ಗ್ರೈಂಡರ್ ಆ ಎಣ್ಣೆಯನ್ನ ಊರೆಲ್ಲ ಹರಡುತ್ತೆ.

ಮೂರನೆಯದು ಆ ತೊಗಟೆ ತೆಗೆಯೋದು. ಇದಕ್ಕೆ ಎರಡು ದಾರಿ: ಆಸಿಡ್ ಅಥವಾ ಗ್ರೈಂಡರ್. ಆಸಿಡ್ ಅಗ್ಗ ಅನ್ನೋದು ನಿಜ. ನಾವು ಮಾತ್ರ ಬೇಡ ಅನ್ನುತ್ತೇವೆ. ಹೈಡ್ರೋಕ್ಲೋರಿಕ್ ಆಸಿಡ್ ಕಾಂಕ್ರೀಟಿನ ಸುಣ್ಣದಂಶವನ್ನ ತಿಂದು ಕ್ಯಾಲ್ಸಿಯಂ ಕ್ಲೋರೈಡ್ ಮಾಡುತ್ತೆ. ಅದು ತೇವ ಹೀರುವ ಉಪ್ಪು. ಪೂರ್ತಿ ತೊಳೆದು ತೆಗೆಯದಿದ್ದರೆ ನಾವೇ ಪದರದ ಅಡಿಗೆ ತೇವವನ್ನ ಕರೆದು ಕೂರಿಸಿದಂತೆ. ತೊಳೆಯೋಕೆ ಬಳಸಿದ ನೀರು ಒಣಗೋಕೆ ಮತ್ತೆ ದಿನಗಳು ಬೇಕು. ಅದಕ್ಕಿಂತ ಹೆಚ್ಚಾಗಿ ಶೆಡ್ಡಿನಂಥ ಮುಚ್ಚಿದ ಜಾಗದಲ್ಲಿ ಅದರ ಹಬೆ ನಮ್ಮ ಗಂಟಲಿಗೂ ಕೆಟ್ಟದ್ದು, ಗೋಡೆಯಲ್ಲಿ ನೇತುಹಾಕಿದ ಸ್ಪ್ಯಾನರ್‌ಗೂ ಕೆಟ್ಟದ್ದು. ಕಬ್ಬಿಣವೆಲ್ಲ ತುಕ್ಕು ಹಿಡಿಯುತ್ತೆ. ಡೈಮಂಡ್ ಚಕ್ರದ ಗ್ರೈಂಡರನ್ನ ಬಾಡಿಗೆಗೆ ತಂದು, ಕೈಯಾಡಿಸಿದರೆ ಸ್ಯಾಂಡ್‌ಪೇಪರಿನಂತೆ ತರಿತರಿ ಅನ್ನಿಸುವ ತನಕ ಉಜ್ಜೋದೇ ಸರಿಯಾದ ದಾರಿ.

ಇಲ್ಲಿಯೇ ಒಂದು ವಿಷಯವನ್ನ ಗಟ್ಟಿಯಾಗಿ ಹೇಳಬೇಕು. ಕಾಂಕ್ರೀಟ್ ಉಜ್ಜಿದರೆ ಏಳುವ ಧೂಳಿನಲ್ಲಿ ಮರಳಿನ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಉಳಿಯುತ್ತವೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಗುಣ ಮಾಡುವ ಔಷಧಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಧೂಳನ್ನ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಆದರೂ ಕಟ್ಟಡಗಳಲ್ಲಿ ಗ್ರೈಂಡರ್ ಹಿಡಿದವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಬಿಳಿ ಮೋಡದೊಳಗೆ ಕೂತಿರೋದನ್ನ ನಾವು ನೋಡುತ್ತಲೇ ಬಂದಿದ್ದೇವೆ. ಟವೆಲ್ ಆ ಕಣಗಳನ್ನ ತಡೆಯಲ್ಲ. ಗ್ರೈಂಡರ್‌ಗೆ ಧೂಳು ಹೀರುವ ಹೊದಿಕೆ, ಅದಕ್ಕೆ ಹೆಪಾ ಫಿಲ್ಟರಿನ ವ್ಯಾಕ್ಯೂಮ್, ಮುಖಕ್ಕೆ ಸರಿಯಾಗಿ ಕೂರುವ ರೆಸ್ಪಿರೇಟರ್, ಕಣ್ಣಿಗೆ ಕನ್ನಡಕ ಇವಿಲ್ಲದೆ ಈ ಕೆಲಸ ಶುರು ಆಗಬಾರದು.

“ಕಾಂಟ್ರಾಕ್ಟರ್‌ಗೆ ಕೊಡಿ” ಅನ್ನುವ ಗೆಳೆಯರಿಗೆ ನಾವು ಕೇಳೋದು ಇದನ್ನೇ. ಕಾಂಟ್ರಾಕ್ಟ್ ಕೊಟ್ಟರೆ ಧೂಳು ಇಲ್ಲವಾಗಲ್ಲ, ಅದನ್ನ ಉಸಿರಾಡುವ ಮೂಗು ಮಾತ್ರ ಬದಲಾಗುತ್ತೆ. ಆ ಮೂಗು ನಮ್ಮ ವಯಸ್ಸಿನ, ಉತ್ತರ ಕರ್ನಾಟಕದಿಂದಲೋ ಬಿಹಾರದಿಂದಲೋ ಕೂಲಿಗೆ ಬಂದ ಹುಡುಗನದ್ದಾಗಿರಬಹುದು. ನಮ್ಮ ನೆಲ ಹೊಳೆಯೋಕೆ ಅವನ ಶ್ವಾಸಕೋಶ ಸವೆಯಬೇಕಾ? ನಾವೇ ಮಾಡಿದರೂ ಸರಿ, ಬೇರೆಯವರಿಂದ ಮಾಡಿಸಿದರೂ ಸರಿ, ವ್ಯಾಕ್ಯೂಮ್ ಮತ್ತು ಮಾಸ್ಕು ಎಸ್ಟಿಮೇಟಿನ ಮೊದಲ ಸಾಲಿನಲ್ಲಿರಬೇಕು. ನಾಳೆ ನಾವು ಸೈಟ್ ಇಂಜಿನಿಯರ್ ಆಗಿ ನಿಂತಾಗ ಈ ಸಾಲನ್ನ ಹೊಡೆದುಹಾಕದೆ ಇರಬೇಕಾದರೆ, ಒಂದು ಸಲವಾದರೂ ಆ ಧೂಳಿನ ಎದುರು ನಿಂತ ಅನುಭವ ಬೇಕು.

ಇಷ್ಟೆಲ್ಲ ಆದಮೇಲೆ ಡಬ್ಬಿ. ಅದರಲ್ಲೂ ಲೆಕ್ಕ ಇದೆ. ಒಂದು ಲೀಟರ್ ದ್ರವವನ್ನ ಒಂದು ಚದರ ಮೀಟರ್‌ಗೆ ಹರಡಿದರೆ ಒಂದು ಮಿಲಿಮೀಟರ್ ದಪ್ಪ. ಆರು ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದದ ಶೆಡ್ ಅಂದ್ರೆ 54 ಚದರ ಮೀಟರ್. ಒಂದು ಕೋಟಿಗೆ 250 ಮೈಕ್ರಾನ್ ಬೇಕಾದರೆ 13.5 ಲೀಟರ್, ಎರಡು ಕೋಟಿಗೆ 27 ಲೀಟರ್. ಇದು ದ್ರಾವಕವಿಲ್ಲದ, ಬಳಿದದ್ದೆಲ್ಲ ನೆಲದಲ್ಲೇ ಉಳಿಯುವ ಎಪಾಕ್ಸಿಯ ಲೆಕ್ಕ. ನೀರು ಬೆರೆತ ಎಪಾಕ್ಸಿಯಲ್ಲಿ ಗಟ್ಟಿ ಅಂಶ ಅರ್ಧದಷ್ಟೇ ಇದ್ದರೆ ಅಷ್ಟೇ ದಪ್ಪಕ್ಕೆ 54 ಲೀಟರ್ ಬೇಕು. ಹಾಗಾಗಿ ಲೀಟರಿನ ಬೆಲೆ ಹೋಲಿಸಿ “ಇದು ಅಗ್ಗ” ಅನ್ನೋದು ತಪ್ಪು ಲೆಕ್ಕ. ಡಬ್ಬಿಯ ಡೇಟಾ ಶೀಟಿನಲ್ಲಿ ಗಟ್ಟಿ ಅಂಶ ಎಷ್ಟು ಪಾಲು ಅಂತ ಮೊದಲು ನೋಡಿ, ಆಮೇಲೆ ಬೆಲೆ ನೋಡಿ.

ಕೆಮಿಸ್ಟ್ರಿ ಕ್ಲಾಸಿನಲ್ಲಿ ಪಾಲಿಮರ್ ಪಾಠ ಓದಿ ಅಲ್ಲೇ ಬಿಟ್ಟುಬಂದವರಿಗೆ ಅದು ಇಲ್ಲಿ ಮತ್ತೆ ಸಿಗುತ್ತೆ. ರೆಸಿನ್ ಮತ್ತು ಹಾರ್ಡನರ್ ಅಣು ಅಣುವಾಗಿ ಕೈಹಿಡಿದು ಬಲೆ ಕಟ್ಟುತ್ತವೆ. ಎರಡೂ ಲೆಕ್ಕಕ್ಕೆ ಸರಿಯಾಗಿರಬೇಕು. ಫೈಬರ್ ಬಾಡಿ ಮಾಡುವಾಗ ಪಾಲಿಯೆಸ್ಟರ್ ರೆಸಿನ್‌ಗೆ ಹನಿ ಕ್ಯಾಟಲಿಸ್ಟ್ ಹೆಚ್ಚಿಸಿದರೆ ಬೇಗ ಗಟ್ಟಿಯಾಗುತ್ತೆ ಅನ್ನೋ ಅಭ್ಯಾಸ ನಮ್ಮ ಕೆಲವರಿಗಿದೆ. ಎಪಾಕ್ಸಿಯಲ್ಲಿ ಆ ಜಾಣತನ ನಡೆಯಲ್ಲ. ಹಾರ್ಡನರ್ ಹೆಚ್ಚಾದರೆ ಕೈಹಿಡಿಯಲು ಯಾರೂ ಸಿಗದ ಅಣುಗಳು ಉಳಿದು ಪದರ ಮೆತ್ತಗೆ, ಅಂಟಂಟಾಗಿ ಉಳಿಯುತ್ತೆ. ಇನ್ನೊಂದು, ಈ ಕ್ರಿಯೆ ಬಿಸಿ ಹೊರಹಾಕುತ್ತೆ. ಬಕೆಟ್ಟಿನಲ್ಲಿ ರಾಶಿಯಾಗಿ ಬಿಟ್ಟರೆ ಆ ಬಿಸಿಯೇ ಕ್ರಿಯೆಯನ್ನ ಇನ್ನಷ್ಟು ಓಡಿಸಿ, ಮಾತಾಡ್ತಾ ನಿಂತ ಹೊತ್ತಲ್ಲಿ ಹೊಗೆಯಾಡುವ ಗಟ್ಟಿ ಮುದ್ದೆಯಾಗುತ್ತೆ. ಕಲಸಿದ ಕೂಡಲೇ ನೆಲಕ್ಕೆ ಸುರಿದು ಹರಡಬೇಕು. ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಹಾರ್ಡನರಿನ ಅಮೈನ್‌ಗೆ ಚರ್ಮ ಒಮ್ಮೆ ಅಲರ್ಜಿ ಬೆಳೆಸಿಕೊಂಡರೆ ಆಮೇಲೆ ಸ್ವಲ್ಪ ತಾಕಿದರೂ ತುರಿಕೆ, ಗುಳ್ಳೆ ಏಳುತ್ತೆ.

ಹವಾಮಾನದ ವಿಷಯದಲ್ಲಿ ಅಮೆರಿಕದ ವಿಡಿಯೋ ನಮಗೆ ದಾರಿ ತೋರಿಸಲ್ಲ. ನೆಲದ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನೋದು ಕೋಟಿಂಗ್ ಕೆಲಸದ ಸಾಮಾನ್ಯ ನಿಯಮ. ಮಳೆಗಾಲದ ಒಂದು ದಿನ ಗಾಳಿ 26 ಡಿಗ್ರಿ, ತೇವಾಂಶ 85 ಶೇಕಡ ಇದೆ ಅಂದುಕೊಳ್ಳಿ. ಇಬ್ಬನಿ ಬಿಂದು 23 ಡಿಗ್ರಿ ದಾಟಿರುತ್ತೆ. ನೆಲ ಗಾಳಿಗಿಂತ ಒಂದು ಡಿಗ್ರಿ ತಂಪಿದ್ದರೂ ಸಾಕು, ನಿಯಮ ಮುರಿಯಿತು. ಅಂಥ ದಿನ ಬಳಿದರೆ ಹಾರ್ಡನರಿನ ಅಮೈನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಜಿಡ್ಡು ಜಿಡ್ಡಾದ ಬಿಳಿ ಪೊರೆ ಕಟ್ಟುತ್ತೆ. ಅದರ ಮೇಲೆ ಬಳಿದ ಎರಡನೇ ಕೋಟು ಹಿಡಿಯಲ್ಲ. ಅದೇ ಚಳಿಗಾಲದ ಒಂದು ಒಣ ಮಧ್ಯಾಹ್ನ 28 ಡಿಗ್ರಿ, 50 ಶೇಕಡ ತೇವಾಂಶ ಇದ್ದರೆ ಇಬ್ಬನಿ ಬಿಂದು 17ರ ಒಳಗಿರುತ್ತೆ. ಆಗ ಧಾರಾಳ ಜಾಗ ಇದೆ. ಬೆಳಿಗ್ಗೆಗಿಂತ ಮಧ್ಯಾಹ್ನ ಕಳೆದ ಮೇಲೆ ಬಳಿಯೋದು ಒಳ್ಳೆಯದು. ನೆಲ ಬಿಸಿಯೇರುವಾಗ ರಂಧ್ರದೊಳಗಿನ ಗಾಳಿ ಹಿಗ್ಗಿ ಹೊರಬಂದು ಗುಳ್ಳೆ ಎಬ್ಬಿಸುತ್ತೆ, ನೆಲ ತಣಿಯುವಾಗ ಆ ತೊಂದರೆ ಇಲ್ಲ.

ಇಷ್ಟನ್ನ ಲೆಕ್ಕ ಹಾಕಿ ನೋಡಿ. ಹಾಳೆಯ ಪರೀಕ್ಷೆ, ಎಣ್ಣೆ ತೊಳೆಯೋದು, ಒಣಗೋದು, ಗ್ರೈಂಡಿಂಗ್, ಬಿರುಕು ತುಂಬೋದು, ಪ್ರೈಮರ್, ಎರಡು ಕೋಟು. ಗಾಡಿ ನಿಲ್ಲಿಸೋ ಮೊದಲು ಸಾಮಾನ್ಯವಾಗಿ ಇನ್ನೊಂದು ವಾರ ಖಾಲಿ ಬಿಡಬೇಕು. ಒಟ್ಟು ಎರಡು ವಾರ ಆಯಿತು. ರೋಲರ್ ಹಿಡಿಯೋದು ಅದರಲ್ಲಿ ಮೂರು ಮಧ್ಯಾಹ್ನ ಮಾತ್ರ. “ಎರಡು ದಿನದಲ್ಲಿ ಮುಗಿಸೋಣ” ಅನ್ನುವವರು ನಿಜಕ್ಕೂ ಹೇಳುತ್ತಿರೋದು ಉಳಿದದ್ದನ್ನೆಲ್ಲ ಬಿಡೋಣ ಅಂತ.

ಈ ಆತುರ ಎಲ್ಲಿಂದ ಬರುತ್ತೆ ಅನ್ನೋದು ನಮಗೆಲ್ಲ ಗೊತ್ತು. ಕಾಲೇಜುಗಳಲ್ಲಿ ಬಣ್ಣದ ಡಬ್ಬಿ ಹೊರಬರೋದೇ ಕಮಿಟಿ ಬರುವ ಹಿಂದಿನ ವಾರ. ಗೋಡೆಯ ತೇವ ಹಾಗೇ ಇರುತ್ತೆ, ಮೇಲೆ ಹೊಸ ಸುಣ್ಣ. ಅದನ್ನ ನೋಡಿ ನಗುವ ನಾವು ಕಾಂಪಿಟಿಷನ್ನಿಗೆ ಮೊದಲು ಗಾಡಿಯ ಫೋಟೋ ಚೆನ್ನಾಗಿ ಬರಲಿ ಅಂತ ಶೆಡ್ಡಿನ ನೆಲಕ್ಕೆ ಅದನ್ನೇ ಮಾಡೋಕೆ ಹೊರಟರೆ, ನಗುವ ಹಕ್ಕು ಕಳೆದುಕೊಳ್ಳುತ್ತೇವೆ.

“ನಾವು ಇಂಜಿನಿಯರ್ ಆಗೋಕೆ ಬಂದವರು, ಗಾರೆ ಕೆಲಸಕ್ಕಲ್ಲ” ಅನ್ನೋ ಮಾತೂ ಕೇಳಿಬಂದಿದೆ. ಹಳೇ ಮನೆಯ ಕೆಂಪು ನೆಲ ತಿಕ್ಕಿದ ಮೇಸ್ತ್ರಿಗೆ ಯಾವ ಹೊತ್ತಿಗೆ ಕರಣೆ ಎತ್ತಬೇಕು, ಯಾವ ಹೊತ್ತಿಗೆ ಬಿಡಬೇಕು ಅಂತ ಬೆರಳಲ್ಲೇ ಗೊತ್ತಿತ್ತು. ಅದು ಇಂಜಿನಿಯರಿಂಗ್ ಅಲ್ಲವಾದರೆ ಇನ್ಯಾವುದು? ನಮ್ಮ ಲ್ಯಾಬ್‌ಗಳಲ್ಲಿ ಬಹಳಷ್ಟು ಪ್ರಯೋಗಗಳ ಉತ್ತರ ಮೊದಲೇ ಗೊತ್ತಿರುತ್ತೆ, ಸೀನಿಯರ್ ರೆಕಾರ್ಡಿನಲ್ಲೇ ಬರೆದಿರುತ್ತೆ. ಈ ನೆಲದ ಉತ್ತರ ಯಾರ ರೆಕಾರ್ಡಿನಲ್ಲೂ ಇಲ್ಲ. ಸಿವಿಲ್‌ನವರ ಕಾಂಕ್ರೀಟ್, ಮೆಕ್ಯಾನಿಕಲ್‌ನವರ ಸರ್ಫೇಸ್ ರಫ್‌ನೆಸ್, ಫಸ್ಟ್ ಇಯರ್ ಕೆಮಿಸ್ಟ್ರಿ ಮೂರೂ ಒಂದೇ ಜಾಗದಲ್ಲಿ ಸೇರುವ ಕೆಲಸ ಕ್ಯಾಂಪಸ್ಸಿನಲ್ಲಿ ಎಷ್ಟಿದೆ? ಆರು ತಿಂಗಳಾದ ಮೇಲೆ ನೆಲವೇ ಮಾರ್ಕ್ಸ್ ಕೊಡುತ್ತೆ.

ಕೆಲಸ ಬಲ್ಲ ಕಾಂಟ್ರಾಕ್ಟರ್ ನಮಗಿಂತ ಚೆನ್ನಾಗಿ ಮಾಡುತ್ತಾನೆ ಅನ್ನೋದನ್ನ ಒಪ್ಪುತ್ತೇವೆ. ಇಡೀ ವರ್ಕ್‌ಶಾಪ್‌ನಷ್ಟು ದೊಡ್ಡ ನೆಲವಾದರೆ, ಎಣ್ಣೆ ಆಳಕ್ಕೆ ಇಳಿದಿದ್ದರೆ ಅವರನ್ನೇ ಕರೆಯಬೇಕು. ಆಗಲೂ ನಾಲ್ಕು ಪ್ರಶ್ನೆ ಕೇಳಿ: ತೇವ ಹೇಗೆ ಅಳೆಯುತ್ತೀರಿ? ಮೇಲ್ಮೈ ಹೇಗೆ ತಯಾರು ಮಾಡುತ್ತೀರಿ? ಒಣಗಿದ ಮೇಲೆ ದಪ್ಪ ಎಷ್ಟು ಮೈಕ್ರಾನ್? ಧೂಳು ಎಲ್ಲಿಗೆ ಹೋಗುತ್ತೆ? ಯಾವ ಬಣ್ಣ ಬೇಕು ಅಂತ ಮಾತ್ರ ಕೇಳಿ ಹೊರಡುವವರಿಗೆ ಕೆಲಸ ಕೊಡಬೇಡಿ.

ಹಾಳೆಯಡಿ ಹನಿ ಕಂಡರೆ ಏನು ಅಂತ ಕೇಳಬಹುದು. ಆಗ ಪದರದ ಆಸೆ ಬಿಟ್ಟು ಕಾಂಕ್ರೀಟ್ ಡೆನ್ಸಿಫೈಯರ್ ಕಡೆ ನೋಡೋಣ. ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟಿನ ಈ ದ್ರವ ಕಾಂಕ್ರೀಟಿನೊಳಗೆ ಇಳಿದು ಅಲ್ಲಿನ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತೆ. ತೊಗಟೆ ಉಜ್ಜಿ ತೆಗೆದ ನೆಲಕ್ಕೆ ಇದನ್ನ ಹಾಕಿದರೆ ಪುಡಿ ಏಳೋದು ಕಡಿಮೆಯಾಗುತ್ತೆ. ಪದರವೇ ಇಲ್ಲದ್ದರಿಂದ ಸಿಪ್ಪೆ ಏಳುವ ಪ್ರಶ್ನೆಯಿಲ್ಲ, ತೇವಕ್ಕೂ ಹೊರಹೋಗೋಕೆ ದಾರಿ ಇರುತ್ತೆ. ಹೊಳಪು ಕಡಿಮೆ, ಎಣ್ಣೆ ಬಿದ್ದರೆ ಬೇಗ ಒರೆಸಬೇಕು. ಆದರೆ ನಮ್ಮ ತೊಂದರೆ ಶುರುವಾದದ್ದು ಧೂಳಿನಿಂದ, ಬಣ್ಣ ಇಲ್ಲ ಅಂತ ಅಲ್ಲ. ಅದನ್ನ ಮರೆಯಬಾರದು.

ಆದ್ದರಿಂದ ಶೆಡ್ ಬಳಸುವ ಎಲ್ಲ ತಂಡಗಳ ಮುಂದೆ ನಮ್ಮ ಸಲಹೆ ಇದು. ಮಳೆ ಪೂರ್ತಿ ನಿಂತು ಒಣಹವೆ ಬಂದ ಮೇಲೆ, ಪರೀಕ್ಷೆ ಇಲ್ಲದ ಎರಡು ವಾರ ಗುರುತು ಮಾಡೋಣ. ಮೊದಲು ಮೂಲೆಯಲ್ಲಿ ಒಂದು ಚದರ ಮೀಟರ್ ಮಾತ್ರ ಪೂರ್ತಿ ವಿಧಾನದಲ್ಲಿ ಮಾಡಿ, ಒಂದು ತಿಂಗಳು ಅದರ ಮೇಲೆ ಗಾಡಿ ನಿಲ್ಲಿಸಿ, ಸ್ಪ್ಯಾನರ್ ಬೀಳಿಸಿ, ಬ್ರೇಕ್ ಆಯಿಲ್ ಚೆಲ್ಲಿ ನೋಡೋಣ. ಅದು ನಿಂತರೆ ಉಳಿದ ನೆಲ. ದಿನದಿನದ ಉಷ್ಣಾಂಶ, ತೇವಾಂಶ, ಕಲಸಿದ ಅಳತೆ, ಸಮಯ ಎಲ್ಲವನ್ನೂ ಬರೆದು ಶೆಡ್ಡಿನ ಗೋಡೆಗೆ ಅಂಟಿಸೋಣ. ಮುಂದಿನ ಬ್ಯಾಚಿಗೆ ಅದು ಬೇಕಾಗುತ್ತೆ.

ಬಜೆಟ್ ಪಾಸಾಗುವ ತನಕ ಕಾಯಬೇಕಾಗಿಲ್ಲ. ಮೊದಲ ಕೆಲಸಕ್ಕೆ ಬೇಕಾದ್ದು ಒಂದು ಪ್ಲಾಸ್ಟಿಕ್ ಹಾಳೆ, ಒಂದು ಸುರುಳಿ ಟೇಪು, ಒಂದು ರಾತ್ರಿ. ಈ ಶುಕ್ರವಾರ ಸಂಜೆ ಹಾಳೆ ಅಂಟಿಸುತ್ತೇವೆ, ಶನಿವಾರ ಬೆಳಿಗ್ಗೆ ಹತ್ತೂವರೆಗೆ ತೆಗೆಯುತ್ತೇವೆ. ಎಪಾಕ್ಸಿ ಬೇಕು ಅನ್ನುವವರೂ ಬೇಡ ಅನ್ನುವವರೂ ಬನ್ನಿ. ಅಡಿಯಲ್ಲಿ ಹನಿ ಇದೆಯಾ ಇಲ್ವಾ ಅಂತ ಒಟ್ಟಿಗೇ ನೋಡೋಣ.